ಕೃಷ್ಣಮೃಗದ ಚಿತ್ರ

ಚಿತ್ರ ತೆಗೆಯುವ ಹುಚ್ಚು ನನಗೆ ಹಿಡಿದದ್ದು ತಡವಾಗಿ. ತರಗತಿಯಲ್ಲಿ ಹಳಗನ್ನಡ ಕಾವ್ಯಗಳ ಹರಿಣಗಳನ್ನು ವರ್ಷ ವರ್ಷವೂ ಬಣ್ಣಿಸುವ ನಾನು ಅವನ್ನು ಕಣ್ಣಾರೆ ಕಂಡಿಲ್ಲವಲ್ಲ ಎಂಬ ನಾಚಿಕೆಯೇ ಅದಕ್ಕೆ ಮೂಲವೆನ್ನಬೇಕು. ಬೇಸಿಗೆಯ ರಜೆ ಬಂದಿತೆಂದರೆ ನೆಂಟರಿಷ್ಟರು ಕಾರವಾರಕ್ಕೋ ಮಲ್ಪೆಗೋ ಹೊರಟು ಕಡಲಂಚಿನಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತಾರೆ. ನಮ್ಮ ಸೀಮೆಗೆ ಕಡಲಿಲ್ಲ. ನಾನು ಕ್ಯಾಮರಾ ಹೆಗಲಿಗೇರಿಸಿ, ಬಂಗಾರಪೇಟೆಯಲ್ಲಿ ಮಾರಿಕುಪ್ಪಮ್ಮಿನ ರೈಲನ್ನು ಹತ್ತುತ್ತೇನೆ.

1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಹಾಕಿದ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕಿಳಿದು, 2001ರಲ್ಲಿ ಮುಚ್ಚಿಹೋದವು. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಸುರಿದ ಪುಡಿಯು ಗುಡ್ಡಗುಡ್ಡವಾಗಿ ನಿಂತಿದೆ. ಊರವರ ಬಾಯಲ್ಲಿ ಅವು ಸೈನೈಡ್ ದಿಬ್ಬಗಳು. ಅವುಗಳಾಚೆಗೆ ನೇಗಿಲು ಕಾಣದ, ಮನೆಗಳೇಳದ ಹುಲ್ಲುಬಯಲು. ಬಯಲನ್ನೇ ನಂಬಿ ಬಾಳುವ ಕೃಷ್ಣಮೃಗಗಳಿಗೆ ಅದು ಆಸರೆಯಾಗಿದೆ.

ಕಳೆದ ಮೇ ತಿಂಗಳ ಒಂದು ಮುಂಜಾವು. ಕಾಲುದಾರಿಯ ಪಕ್ಕದ ಒಣಹುಲ್ಲಿನಲ್ಲಿ ಏನೋ ಮಿನುಗಿತು. ಬಗ್ಗಿ ನೋಡಿದರೆ ಕಣ್ಣು! ಕತ್ತನ್ನು ನೆಲಕ್ಕೊತ್ತಿಕೊಂಡು ಮಲಗಿದ್ದ ಪುಟ್ಟ ಮರಿ. ನಾನು ಹತ್ತಿರ ಹೋದರೂ ಅದು ಅಲುಗಲಿಲ್ಲ. ಎಷ್ಟು ಸಾಧುವಾಗಿದೆ ಎಂದು ಹಿಗ್ಗಿ, ಮಂಡಿಯೂರಿ ಒಂದಾದ ಮೇಲೊಂದು ಚಿತ್ರ ತೆಗೆಯತೊಡಗಿದೆ.

"ಸಾರ್, ಎದ್ದು ಬನ್ನಿ" ಎಂಬ ದನಿ ಕೇಳಿತು. ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ದಾರಿಯಲ್ಲಿ ನಿಂತಿದ್ದರು. "ಅದರ ಅಮ್ಮ ಅಲ್ಲಿ ನಿಂತಿದೆ ನೋಡಿ. ನೀವು ಇಲ್ಲಿರೋವರೆಗೆ ಅದು ಬರೋದಿಲ್ಲ, ಮರಿಗೆ ಹಾಲಿಲ್ಲ. ನೀವು ಕೂತಿರೋದನ್ನ ನೋಡಿ ನಾಯಿಗಳು ಬೇರೆ ಬರ್ತವೆ."

ತಲೆಯೆತ್ತಿದೆ. ಕೊಂಬಿಲ್ಲದ, ಕಂದುಬಣ್ಣದ ಹೆಣ್ಣೊಂದು ದೂರದಲ್ಲಿ ಚಡಪಡಿಸುತ್ತಿತ್ತು. ಇತ್ತ ದಿಬ್ಬದ ಬುಡದಲ್ಲಿ ಎರಡು ಬೀದಿನಾಯಿಗಳು ನನ್ನತ್ತಲೇ ಮೂತಿ ಮಾಡಿದ್ದವು. ಮರಿಯದು ಸಾಧುತನವಲ್ಲ, ಭಯ! ಓಡಲು ಬಲವಿಲ್ಲದ ಎಳೆಮರಿಗೆ ಅಲುಗದಿರುವುದೊಂದೇ ಕಾವಲು. ಆ ಕಾವಲನ್ನು ನಾನೇ ಮುರಿದಿದ್ದೆ. ಕೋವಿಯಿಂದ ಅದನ್ನು ಕಾಯಲು 1972ರ ಕಾಯಿದೆಯಿದೆ. ನನ್ನಿಂದ ಕಾಯಲು ಅಂದು ಆ ಹಿರಿಯರೇ ಇದ್ದರು.

ಅವರು ಕಲ್ಲು ಬೀರಿ ನಾಯಿಗಳನ್ನಟ್ಟಿದರು. ಇಬ್ಬರೂ ಬಹುದೂರ ಸರಿದು ಜಾಲಿಯ ಮರೆಯಲ್ಲಿ ಕುಳಿತೆವು. ಬಿಸಿಲೇರಿತು. ಮುಕ್ಕಾಲು ಗಂಟೆಯ ಮೇಲೆ ತಾಯಿ ಹೆಜ್ಜೆ ಹೆಜ್ಜೆಗೂ ನಿಂತು ನೋಡುತ್ತ ಬಂದಿತು, ಹುಲ್ಲಿನಿಂದ ಮರಿಯೆದ್ದಿತು. ಆಗ ಒಂದೇ ಒಂದು ಚಿತ್ರ ತೆಗೆದೆ.

ಹತ್ತಿರದಿಂದ ತೆಗೆದ ಚಿತ್ರಗಳನ್ನು ಅಂದೇ ಅಳಿಸಿಹಾಕಿದೆ. ಉಳಿದ ಆ ಒಂದು ಚಿತ್ರ ನನ್ನ ಮೇಜಿನ ಮೇಲಿದೆ. "ಅಪ್ಪಾ, ಇದರಲ್ಲಿ ಬರೀ ಹುಲ್ಲೇ ಇದೆಯಲ್ಲ!" ಎಂದು ಮಗಳು ನಗುತ್ತಾಳೆ. ನಾನು ಬೆರಳಿಟ್ಟು ಎರಡು ಚುಕ್ಕೆಗಳನ್ನು ತೋರಿಸುತ್ತೇನೆ.