ಮೂರು ಆಳು, ಇನ್ನೂರು ಊಟ

ಹೋದ ಸಲ ಅಪ್ಪೆಮಿಡಿ ಉಪ್ಪಿನಕಾಯಿ ಬಗ್ಗೆ ಬರೆದಾಗ ಸೊರಬದ ಅತ್ತಿಗೆ, "ಮಗ ಮನೆಗೆ ಬಂದಾನಂತಲ್ಲ, ಆ ಸುದ್ದಿ ಬಿಟ್ಟು ಮಿಡಿ ಸುದ್ದಿ ಬರೀತೀಯಲ್ಲೇ" ಅಂದ್ರು. ಬರೆಯೋಕೆ ನಾಚಿಕೆ ಇತ್ತು ಅತ್ತಿಗೆ, ಅದಕ್ಕೇ ಬಿಟ್ಟಿದ್ದೆ. ಬೆಂಗಳೂರಿನ ಕೆಲಸ ಹೋಯ್ತು, ಯುಗಾದಿ ಮುಗಿಸಿ ಇಲ್ಲೇ ಉಳ್ಕಂಡ. ಉಳ್ಕಂಡವ ಎಂತ ಮಾಡ್ತಾನೆ ಅಂದ್ರೆ, ರಾತ್ರಿ ಒಂದು ಗಂಟೆವರೆಗೂ ಲ್ಯಾಪ್‌ಟಾಪ್ ಮುಂದೆ ಕೂತು ಕುರಿ ಹುಡುಕೋದು.

ತಮಾಷೆ ಅಲ್ಲ. ಏಜ್ ಆಫ್ ಎಂಪೈರ್ಸ್ ಅಂತ ಆಟ. ಎರಡನೇ ಭಾಗ ಮೊದಲು ಬಂದಿದ್ದು 1999ರಲ್ಲಂತೆ, ನಮ್ಮ ಹುಡುಗ ಹುಟ್ಟಿದ ಹೊಸದು. ಈಗ ಅದನ್ನೇ ಹೊಸದು ಮಾಡಿ ಬಿಟ್ಟಿದಾರೆ. ಶುರುವಿಗೆ ಒಂದು ದೊಡ್ಡ ಮನೆ, ಮೂರು ಜನ ಆಳು, ದಾರಿ ನೋಡಕ್ಕೆ ಒಬ್ಬ ಕುದುರೆಯವ. ಉಗ್ರಾಣದಲ್ಲಿ ಇನ್ನೂರು ಊಟ, ಇನ್ನೂರು ಮರ, ನೂರು ಚಿನ್ನ, ಇನ್ನೂರು ಕಲ್ಲು. ಅಷ್ಟರಲ್ಲೇ ರಾಜ್ಯ ಕಟ್ಟಬೇಕು. ಒಬ್ಬ ಹೊಸ ಆಳು ಬೇಕಂದ್ರೆ 50 ಊಟ ಖರ್ಚು. ಮನೆ ಕಟ್ಟಿದ್ರೆ 25 ಮರ, ಅದರಲ್ಲಿ ಐದು ಜನ ಇರಬಹುದು. ಮನೆ ಕಟ್ಟದು ಮರೆತ್ರೆ ಹೊಸ ಆಳು ಹುಟ್ಟೋದೇ ಇಲ್ಲ. ಇದಿಷ್ಟು ನಾನು ಹುಣಸೆಹಣ್ಣು ಬಿಡಿಸ್ತಾ ಪಕ್ಕದಲ್ಲಿ ಕೂತು ಕಲ್ತಿದ್ದು. ಬೈಯೋಕೆ ಅಂತ ಹೋಗಿದ್ದೆ, ಕೂತ್ಕಂಡೆ.

ನಾವು ಆಡ್ತಿದ್ದ ಅಳಗುಳಿಮಣೆಯಲ್ಲಿ ಈ ಕಡೆ ಏಳು ಗುಳಿ, ಆ ಕಡೆ ಏಳು ಗುಳಿ, ಬೀಜ ಇಬ್ಬರಿಗೂ ಸಮ. ಈ ಆಟದಲ್ಲಿ ಹಂಗಿಲ್ಲ. ಮೊದಲು ಯಾವ ದೇಶದವರಾಗಿ ಹುಟ್ತೀವಿ ಅಂತ ಆರಿಸ್ಕಬೇಕು, ಒಬ್ಬೊಬ್ಬರಿಗೆ ಒಂದೊಂದು ಹುಟ್ಟುಗುಣ. ಚೀನಾದವರಿಗೆ ಶುರುವಿಗೇ ಮೂರು ಆಳು ಜಾಸ್ತಿ, ಆದ್ರೆ ಇನ್ನೂರು ಊಟ ಕಮ್ಮಿ. ಲೆಕ್ಕ ಹಾಕಿ, ಆರು ಜನ, ಉಗ್ರಾಣದಲ್ಲಿ ಸೊನ್ನೆ. ನಂಗೆ ನಗು ಬಂತು. ನಾನು ಮದುವೆಯಾಗಿ ಬಂದಾಗ ಈ ಮನೆ ಹಂಗೇ ಇತ್ತು. ಹನ್ನೊಂದು ಜನ, ಪಣತ ಗುಡಿಸಿದ್ರೆ ಒಂದು ಮೊರ ಭತ್ತ. ಅತ್ತೆ ಮಾತ್ರ ಯಾರನ್ನೂ ಸುಮ್ನೆ ಕೂರಕ್ಕೆ ಬಿಡ್ತಿರಲಿಲ್ಲ. ಒಬ್ಬರು ಸೊಪ್ಪಿಗೆ, ಒಬ್ಬರು ಸೌದೆಗೆ, ಸಣ್ಣ ಮೈದುನನೂ ಕೋಳಿಗೂಡಿನ ಹತ್ರ. "ಚೀನಾ ಆಡೋದು ಭಾರಿ ಕಷ್ಟ ಅಮ್ಮ, ಮೊದಲೆರಡು ನಿಮಿಷ ತಪ್ಪಿದ್ರೆ ಮುಗೀತು" ಅಂದ ಹುಡುಗ. ನಿಮ್ಮಜ್ಜಿ ನಲವತ್ತು ವರ್ಷ ಆಡಿದ್ರು ಕಣೋ ಅಂದೆ.

ಮಾಯನ್ ಅಂತ ಇನ್ನೊಂದು ಜನ. ಅವರು ಕಡಿದ ಮರ, ಕೊಯ್ದ ಹಣ್ಣು ಬೇರೆಯವರಿಗಿಂತ 15 ಪರ್ಸೆಂಟ್ ಜಾಸ್ತಿ ಬಾಳಿಕೆ ಬರತ್ತೆ. ಅದು ಪೂರ್ತಿ ನನ್ನ ತಂಗಿ, ಒಂದು ತೆಂಗಿನಕಾಯಿಯಲ್ಲಿ ಮೂರು ದಿನ ತೆಗೀತಾಳೆ. ಓದಿ ಸಿಟ್ಟು ಮಾಡ್ಕಬ್ಯಾಡ ಮಾರಾಯ್ತಿ.

ಮತ್ತೆ ನಮ್ಮವರು? 2022ರಲ್ಲಿ ಭಾರತದವರನ್ನ ಒಡೆದು ಹಿಂದೂಸ್ತಾನಿ, ಗುರ್ಜರ, ಬಂಗಾಲಿ, ದ್ರಾವಿಡ ಅಂತ ಮಾಡಿದಾರೆ. ದಕ್ಷಿಣದವರೆಲ್ಲ ಒಂದೇ ಮೂಟೆ, ದ್ರಾವಿಡರು. ಆ ಆಳುಗಳು ಮಾತಾಡೋದು ತಮಿಳು. ನಂಗೆ ಸ್ವಲ್ಪ ಉರೀತು. ಇಲ್ಲೇ ಬಳ್ಳಿಗಾವಿ ಕೇದಾರೇಶ್ವರ ಇದೆ, ಬನವಾಸಿ ಹನ್ನೆರಡು ಸಾವಿರಕ್ಕೆ ರಾಜಧಾನಿ ಆಗಿದ್ದ ಊರು ಅದು. ಇಲ್ಲೇ ತಾಳಗುಂದದಲ್ಲಿ ಮಯೂರಶರ್ಮನ ಕತೆ ಕಂಬದ ಮೇಲೆ ಕೆತ್ತಿದೆ. ಕಂಚಿಗೆ ಓದಕ್ಕೆ ಹೋದವ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿ ದರ್ಭೆ ಹಿಡಿದ ಕೈಲಿ ಕತ್ತಿ ಹಿಡಿದ. ಅವನಿಗೆ ದೊಡ್ಡ ಮನೆನೂ ಇರಲಿಲ್ಲ, ಇನ್ನೂರು ಊಟನೂ ಇರಲಿಲ್ಲ. ಶ್ರೀಪರ್ವತದ ಕಾಡು ಸೇರ್ಕಂಡು, ದೊಡ್ಡ ದೊಡ್ಡ ಬಾಣ ಅರಸರ ಹತ್ರ ಕಪ್ಪ ವಸೂಲಿ ಮಾಡಿ ಬೆಳೆದ. ಕೊನೆಗೆ ಪಲ್ಲವರೇ ರಾಜಿಗೆ ಬಂದ್ರು. "ಅದನ್ನ ಆಟದಲ್ಲಿ ರಶ್ ಅಂತಾರಮ್ಮ" ಅಂದ. ಮನೆ ತುಂಬಿಸ್ಕಳದು ಆಮೇಲೆ, ಮೊದಲು ಹೋಗಿ ಬಡಿಯೋದು. ಗೆದ್ರೆ ಬೇಗ ಗೆಲ್ತೀವಿ, ಸೋತ್ರೆ ಕೈಯಲ್ಲಿ ಏನೂ ಇರಲ್ಲ.

ಅಲ್ಲಿಗೆ ಮಾತು ಶುಂಠಿಗೆ ಬಂತು. ಅವನ ಮನಸ್ಸಿನಲ್ಲಿ ಇದ್ದಿದ್ದು ಅದೇ. ಗೆಳೆಯನ ಜೊತೆ ಎರಡು ಎಕರೆ ಲೀಸಿಗೆ ಹಿಡಿದು ಶುಂಠಿ ಹಾಕೋದು, ಅದಕ್ಕೆ ನನ್ನ ಎರಡು ಜೊತೆ ಬಳೆ ಬೇಕು. ನಂಗೆ ಎದೆ ಧಸಕ್ ಅಂತು. ನನ್ನ ಅಣ್ಣನ ಮನೆಯ ಕತೆ ನಿಮಗೆಲ್ಲ ಗೊತ್ತು. ಬಿಡದೆ ಮಳೆ ಹಿಡಿದು ಗಡ್ಡೆ ಕೊಳೆತು, ಕೀಳಕ್ಕೆ ಹೋದ್ರೆ ಕೈಗೆ ಬಂದಿದ್ದು ನಾತ. ಅತ್ತಿಗೆಯ ಸರ ಇವತ್ತಿಗೂ ವಾಪಸ್ ಬಂದಿಲ್ಲ. ಹಂಗಾದ್ರೆ ಅಡಿಕೆ ಹಾಕೋಣ ಅಂದ. ಅಡಿಕೆ ಫಸಲು ಕಣ್ಣಿಗೆ ಕಾಣಕ್ಕೆ ಐದಾರು ವರ್ಷ. ಜೊತೆಗೆ ನಮ್ಮ ಮೇಲಿನ ಖುಷ್ಕಿಯ ಬೋರು ಮಾರ್ಚ್ ಬಂತು ಅಂದ್ರೆ ಕೆಮ್ಮಕ್ಕೆ ಶುರು ಮಾಡತ್ತೆ.

ಅವನೇ ಹೇಳಿಕೊಟ್ಟಿದ್ದನ್ನ ಅವನಿಗೇ ಹೇಳಿದೆ. ದ್ರಾವಿಡರಿಗೆ ನೀರಿದ್ರೆ ಬಲ. ಅವರ ಮೀನುಗಾರರು ಹೆಚ್ಚು ಹೊರ್ತಾರೆ, ಹಡಗು ಚೆನ್ನಾಗೈತೆ. ಅವರನ್ನ ತಗಂಡು ಅರೇಬಿಯಾ ಅನ್ನೋ ಬಯಲಿಗೆ ಹೋದ್ರೆ ಹಡಗು ಎಲ್ಲಿ ಬಿಡ್ತಾರೆ? "ಮೊದಲು ಮ್ಯಾಪ್ ನೋಡ್ಬೇಕು, ಆಮೇಲೆ ಜನ ಆರಿಸ್ಬೇಕು ಅಂತ ನೀನೇ ಹೇಳಿದ್ದಲ್ಲೋ. ನಮ್ಮ ಮ್ಯಾಪಲ್ಲಿ ಬೇಸಿಗೆ ನೀರು ಎಲ್ಲೈತೆ?" ಅಂದೆ. ಸುಮ್ನಾದ.

ನಾನು ಗೆದ್ದೆ ಅಂತ ಬೀಗೋಕೆ ಹೋಗಬ್ಯಾಡಿ. ಅವತ್ತು ರಾತ್ರಿ "ನೀನೇ ಆಡು ನೋಡಣ" ಅಂತ ಮೌಸ್ ಕೈಗೆ ಕೊಟ್ಟ. ನಾನು ಗುರ್ಜರರನ್ನ ಆರಿಸ್ಕಂಡೆ. ಯಾಕಂದ್ರೆ ಬೇರೆಯವರು ಸಿಕ್ಕಿದ ಕುರಿ ಕಡಿದು ತಿಂತಾರೆ, ಒಂದು ಕುರಿಗೆ ನೂರು ಊಟ, ಕಡಿದ ಮೇಲೆ ಬೇಗ ಎತ್ತದಿದ್ರೆ ಕೊಳೆತು ಹೋಗತ್ತೆ. ಗುರ್ಜರರು ಮಾತ್ರ ಕುರಿಯನ್ನ ಗಿರಣಿ ಒಳಗೆ ಕಟ್ಟಿ ಹಾಕ್ಬಹುದು. ಅದು ಸಾಯಲ್ಲ, ನಿಧಾನಕ್ಕೆ ಊಟ ಕೊಡ್ತಾನೇ ಇರತ್ತೆ. ಹಾಲು ಕರೆದಂಗೆ ಅನ್ಕಂಡೆ. ಎಲ್ಲಾ ಕುರಿ ಒಳಗೆ ಕಟ್ಟಿದೆ. ಹೊಲ ಮಾಡಿದೆ. ಐನೂರು ಊಟ ಕೊಟ್ರೆ ಮುಂದಿನ ಯುಗಕ್ಕೆ ಹೋಗ್ಬಹುದಿತ್ತು, ಇನ್ನಷ್ಟು ಇರಲಿ ಅಂತ ಕೂಡಿಟ್ಟೆ. ಚಿನ್ನ ಮುಟ್ಟಲೇ ಇಲ್ಲ. ಹದಿನೈದು ನಿಮಿಷಕ್ಕೆ ವೈರಿ ಬಂದ. ನನ್ನ ಹತ್ರ ಒಬ್ಬ ಈಟಿಯವನೂ ಇರಲಿಲ್ಲ. ಮೇಲ್ಗಡೆ ನೋಡಿದ್ರೆ ಊಟ ಸಾವಿರದ ಮೇಲೆ, ಚಿನ್ನ ಕೊಟ್ಟಂಗೇ ನೂರು, ಕೆಳಗೆ ಮನೆಗಳು ಉರೀತಿವೆ.

"ನೋಡಮ್ಮ, ಕೂಡಿಟ್ಟಿದ್ದು ಯಾರಿಗೆ ಬಂತು?" ಅಂದ. ದನಿ ಜೋರಿರಲಿಲ್ಲ. ಅದೇ ಚುಚ್ಚಿತು. ಲಾಕರಿನಲ್ಲಿರೋ ಬಳೆ ನಾನು ಹಾಕ್ಕಂಡು ಎಂಟು ವರ್ಷ ಆಯ್ತು. ಅವನ ಮದುವೆಗೆ, ಅವನ ಮದುವೆಗೆ ಅಂತ ಇಟ್ಟಿದೀನಿ. ಕೆಲಸ ಇಲ್ಲದ ಹುಡುಗನಿಗೆ ಹೆಣ್ಣು ಯಾರು ಕೊಡ್ತಾರೆ ಅನ್ನೋ ಮಾತು ಅವನೂ ಆಡಲಿಲ್ಲ, ನಾನೂ ಆಡಲಿಲ್ಲ.

ಮೂರು ದಿನ ಮಾತುಕತೆ ಆಯ್ತು. ನಮ್ಮನೆಯವರು ಮೊದಲು ಮುಖ ತಿರುಗಿಸಿದ್ರು, ಆಮೇಲೆ ಪೆನ್ನು ಹಿಡ್ಕಂಡು ಬಂದ್ರು. ಲೀಸು ಬ್ಯಾಡ ಅಂತಾಯ್ತು. ಕೆರೆ ಕೆಳಗಿನ ಗದ್ದೆ ಭತ್ತಕ್ಕೇ, ಊಟದ್ದು ಮುಟ್ಟಂಗಿಲ್ಲ. ಒಂದು ಜೊತೆ ಬಳೆ ಅಡವಿಟ್ಟು ಎರಡು ಹಸು, ಹಾಲು ಡೇರಿಗೆ, ವಾರಕ್ಕೊಂದು ಸಲ ಕೈಗೆ ಏನೋ ಬರತ್ತೆ. ಖುಷ್ಕಿಯಲ್ಲಿ ಯಾವಾಗಿನಂಗೆ ಜೋಳ, ಒಂದು ಮೂಲೆ ಹತ್ತು ಗುಂಟೆ ಮಾತ್ರ ಶುಂಠಿ, ನೀರು ನಿಲ್ಲದಂಗೆ ಮಡಿ ಎತ್ತರ ಮಾಡಿ. ಹೋದ್ರೆ ಹತ್ತು ಗುಂಟೆ ಹೋಗ್ಲಿ. ಇನ್ನೊಂದು ಜೊತೆ ಬಳೆ ಲಾಕರಿನಿಂದ ತಂದು ನನ್ನ ಕೈಗೇ ಹಾಕ್ಕಂಡಿದೀನಿ. ಕಣ್ಣೆದುರಿಗಿದ್ರೆ ಲೆಕ್ಕ ಇರತ್ತೆ. ಹಸು ಹೋದ ವಾರ ಬಂದ್ವು. ಒಂದು ಸಾಧು, ಇನ್ನೊಂದು ಒದಿತದೆ.

ಹುಡುಗ ಈಗ ಐದು ಗಂಟೆಗೆ ಏಳಬೇಕು, ರಾತ್ರಿ ಒಂಬತ್ತಕ್ಕೆ ಮಲಗಿಬಿಡ್ತಾನೆ. ಲ್ಯಾಪ್‌ಟಾಪ್ ಖಾಲಿ ಇರತ್ತೆ. ನಿನ್ನೆ ಪಾತ್ರೆ ತೊಳೆದಿಟ್ಟು ಕೂತ್ಕಂಡೆ, ಈ ಸಲನೂ ಗುರ್ಜರರೇ, ಆದ್ರೆ ನಾಲ್ಕು ಜನ ಈಟಿಯವರನ್ನ ಮೊದಲೇ ಮಾಡ್ಕಳದು ಅಂತ. ನಮ್ಮನೆಯವರು ನೀರು ಕುಡಿಯಕ್ಕೆ ಎದ್ದು ಬಂದವರು, "ನಿಂಗೂ ಹಿಡೀತಾ ಇದು?" ಅಂದ್ರು. ಆಗಷ್ಟೇ ಕುರಿ ಸಿಕ್ಕಿತ್ತು, ಉತ್ತರ ಕೊಡಕ್ಕೆ ಪುರುಸೊತ್ತಿರಲಿಲ್ಲ.