ಶುಶ್ರೂಷೆಯ ಪರೀಕ್ಷೆ

ಮನೆಯನ್ನು ಕಟ್ಟುವವನು ತೂಗುಗುಂಡನ್ನು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುತ್ತಾನೆ. ಅಕ್ಕಸಾಲೆಯು ಬಂಗಾರವನ್ನು ಒರೆಗಲ್ಲಿಗೆ ಹಚ್ಚುತ್ತಾನೆ. ಕಾಫಿ ತೋಟದವನು ಕಣದಲ್ಲಿ ಒಣಗಿದ ಬೀಜವನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ಬಿಸಿಲು ಬೇಕೋ ಸಾಕೋ ಎಂದು ಹೇಳಿಬಿಡುತ್ತಾನೆ. ಲೋಕದಲ್ಲಿ ಪ್ರತಿಯೊಂದು ಪದಾರ್ಥಕ್ಕೂ ಅದಕ್ಕೆ ತಕ್ಕ ಪರೀಕ್ಷೆಯುಂಟು. ಆದರೆ ನಡೆಯಲಾರದ, ನೆನಪು ಮಾಸಿದ ತಾಯಿಯನ್ನು ಪರರ ಕೈಗೆ ಒಪ್ಪಿಸಬೇಕಾಗಿ ಬಂದ ಮಗನು ಆ ಕೈಗಳನ್ನು ಯಾವ ಒರೆಗಲ್ಲಿಗೆ ಹಚ್ಚಬೇಕು? ಹಿಂದಿನ ತಲೆಮಾರಿನವರಿಗೆ ಅಪರೂಪವಾಗಿದ್ದ ಈ ಪ್ರಶ್ನೆಯು ಇಂದು ಮಲೆನಾಡಿನ ಮನೆಮನೆಯ ಜಗಲಿಯಲ್ಲಿ ಬಂದು ಕುಳಿತಿದೆ.

ಕುದುರೆಮುಖದ ತಪ್ಪಲಿನ ಕಳಸ, ಸಂಸೆ, ಹೊರನಾಡುಗಳ ಸೀಮೆಯನ್ನು ಬಲ್ಲ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಕಣಿವೆಯಲ್ಲಿ ಅಡಕೆ, ಇಳಿಜಾರಿನಲ್ಲಿ ಕಾಫಿ, ನಡುವೆ ಒಂಟಿ ಮನೆ. ನೆರೆಮನೆಯೆಂದರೆ ಒಂದು ಕೂಗಿನ ಆಚೆ. 1976ರಲ್ಲಿ ಸ್ಥಾಪಿತವಾದ ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿಯು ಈ ಕಡೆಯ ಕೆಲವು ತರುಣರಿಗೆ ಊರ ಬಳಿಯಲ್ಲಿಯೇ ಸಂಬಳವನ್ನು ಕೊಟ್ಟಿತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಯಲ್ಲಿ ಅಲ್ಲಿಯ ಗಣಿಯ ಕೆಲಸ ನಿಂತಿತು. ಕಾಡಿಗೂ ಭದ್ರೆಗೂ ಅದು ಹಿತವೇ ಆಯಿತೆನ್ನಬೇಕು. ಆದರೆ ಉಪನಗರದ ಮನೆಗಳು ಬರಿದಾದುವು, ಸಂಬಳಗಾರರು ಘಟ್ಟವಿಳಿದರು. ಹೆಚ್ಚು ಓದಿದ ಮಕ್ಕಳು ಬೆಂಗಳೂರಿಗೂ ಸಮುದ್ರದಾಚೆಗೂ ಅದಕ್ಕೆ ಮೊದಲೇ ಹೋಗಿದ್ದರು. ತೋಟದ ಮನೆಗಳಲ್ಲಿ ಉಳಿದವರು ಮುದುಕರು.

ಹೆಬ್ಬಾಳೆಯ ಸೇತುವೆಯ ಆಚೆಯ ಅಂತಹದೊಂದು ಮನೆಯಲ್ಲಿ 82 ವರ್ಷದ ಮುದುಕಿಯೊಬ್ಬಳು ಒಂಟಿಯಾಗಿದ್ದಳು. ಹಿರಿಯ ಮಗಳು ಅಮೆರಿಕದಲ್ಲಿ; ಮಗನು ಕಂಪನಿಯ ಕೆಲಸದ ಮೇಲೆ ಮಂಗಳೂರಿಗೆ ಹೋಗಿ, ನಿವೃತ್ತನಾಗಿ, ಅಲ್ಲಿಯೇ ನೆಲೆಸಿದ್ದನು. ಕೆಲವು ವರ್ಷಗಳ ಹಿಂದಿನ ಆಷಾಢದಲ್ಲಿ ಆಕೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ಭದ್ರೆಯು ಉಕ್ಕಿ ಸೇತುವೆಯ ಮೇಲೆ ಹರಿಯುತ್ತಿದ್ದ ದಿನ. ನೀರು ಇಳಿಯುವ ತನಕ ತೋಟದ ಆಳಿನ ಹೆಂಡತಿಯು ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಸೊಂಟದ ಮೂಳೆ ಮುರಿದಿತ್ತು. ಘಟ್ಟದ ಕೆಳಗೆ ಶಸ್ತ್ರಚಿಕಿತ್ಸೆಯಾಯಿತು. ಮೂಳೆ ಕೂಡಿತು, ಆದರೆ ಆಕೆಯ ಮನಸ್ಸು ಹಿಂದಿನಂತೆ ಕೂಡಲಿಲ್ಲ. ಹೊತ್ತು, ಊರು, ಮಕ್ಕಳ ಹೆಸರು ಒಂದಕ್ಕೊಂದು ಬೆರೆತುಹೋದುವು. ಎತ್ತಿ ಕೂರಿಸಲು ಇಬ್ಬರು ಬೇಕು. ಮಗನ ಮನೆಯಲ್ಲಿ ಸೊಸೆಯೇ ಹೃದ್ರೋಗಿ. ಹೀಗೆ ಆತನು ಒಂದು ಆರೈಕೆಯ ಮನೆಯನ್ನು ಹುಡುಕಬೇಕಾಯಿತು.

ಸಿಕ್ಕಿದ ಮನೆ ನೋಡುವುದಕ್ಕೆ ಬಲು ಚೆನ್ನಾಗಿತ್ತು. ಮುಖ ಕಾಣುವಂತಹ ನೆಲ, ಬಾಗಿಲಲ್ಲಿ ಹೂವಿನ ಕುಂಡಗಳು, ಗೋಡೆಯ ಮೇಲೆ ಊಟದ ವೇಳಾಪಟ್ಟಿ. ವ್ಯವಸ್ಥಾಪಕರು ಮೃದುಭಾಷಿಗಳು, ಠೇವಣಿಯ ವಿಷಯವನ್ನೂ ತಿಂಗಳ ಹಣದ ವಿಷಯವನ್ನೂ ಸ್ಪಷ್ಟವಾಗಿ ಹೇಳಿದರು. ಮಗನು ಎರಡು ವಾರಕ್ಕೊಮ್ಮೆ, ಭಾನುವಾರ ಹನ್ನೊಂದು ಗಂಟೆಗೆ, ಅವರು ನಿಯಮಿಸಿದ ವೇಳೆಯಲ್ಲಿ ಹೋಗುವನು. ತಲೆ ಬಾಚಿ, ಇಸ್ತ್ರಿಯ ಸೀರೆಯುಡಿಸಿ, ಆಕೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿರುವರು. “ಹೇಗಿದ್ದಾರೆ?” ಎಂದು ಆತನು ಕೇಳುವನು. “ಚೆನ್ನಾಗಿದ್ದಾರೆ ಸರ್, ಏನೂ ತೊಂದರೆಯಿಲ್ಲ” ಎಂದು ವ್ಯವಸ್ಥಾಪಕರು ಹೇಳುವರು. ತಾಯಿ ಮಾತ್ರ ಪ್ರತಿ ಸಲವೂ ಒಂದೇ ಮಾತನ್ನು ಕೇಳುವಳು: “ಹಂಡೆಗೆ ಬೆಂಕಿ ಹಾಕಿದ್ಯಾ ಮಗಾ?” ಆಯಾಗಳು ನಗುವರು, ಮಗನೂ ಕಣ್ಣೊರಸಿಕೊಂಡು ನಗುವನು. ನೆನಪು ಹೋದವರ ಹಲುಬು ಎಂದು ಎಲ್ಲರೂ ತಿಳಿದರು. ನಾಲ್ಕನೆಯ ತಿಂಗಳಲ್ಲಿ ಆಕೆ ಅದನ್ನು ಕೇಳುವುದನ್ನೂ ಬಿಟ್ಟಳು.

ಐದನೆಯ ತಿಂಗಳ ಒಂದು ದಿನ ಕಾರ್ಕಳದ ದಾರಿಯಲ್ಲಿ ವಾಹನ ಕೆಟ್ಟು, ಆತನು ಅಲ್ಲಿಗೆ ಮುಟ್ಟುವಾಗ ರಾತ್ರಿ ಎಂಟು ಗಂಟೆ. ಬಾಗಿಲು ತೆರೆಯುವುದಕ್ಕೆ ಕಾಲು ಗಂಟೆ ಹಿಡಿಯಿತು. ಇಪ್ಪತ್ತು ಹಾಸಿಗೆಗಳಿಗೆ ಒಬ್ಬಳೇ ಹುಡುಗಿ. ಆಕೆಯಾದರೂ ಬೆಳಗಿನಿಂದ ದುಡಿದು ಎರಡನೆಯ ಪಾಳಿಯಲ್ಲಿ ನಿಂತವಳು. ತಾಯಿಯ ಕೋಣೆಯಲ್ಲಿ ದೀಪವಿರಲಿಲ್ಲ. ನೀರಿನ ಲೋಟವಿತ್ತು, ಕೈಗೆಟುಕದ ಮೇಜಿನ ಮೇಲೆ. “ಏಳನೇ ನಂಬರಿನವರು ರಾತ್ರಿ ಕೂಗ್ತಾರೆ ಸರ್, ಅದಕ್ಕೇ ನಿದ್ದೆ ಮಾತ್ರೆ ಕೊಡ್ತೇವೆ” ಎಂದಳು ಆ ಹುಡುಗಿ, ತಪ್ಪು ಮಾಡಿದವಳ ಧ್ವನಿಯಲ್ಲಲ್ಲ, ದಣಿದವಳ ಧ್ವನಿಯಲ್ಲಿ. ಕಾಲುಚೀಲವನ್ನು ಕಳಚಿ ನೋಡಿದರೆ ಹಿಮ್ಮಡಿಯಲ್ಲಿ ರೂಪಾಯಿಯಗಲದ ಕೆಂಪು. ಬೆರಳಿನಿಂದ ಒತ್ತಿದರೆ ಬಿಳುಪಾಗಲಿಲ್ಲ. ಅದು ಹಾಸಿಗೆಯ ಹುಣ್ಣಿನ ಮೊದಲ ಮೆಟ್ಟಿಲೆಂದು ಮರುದಿನ ಡಾಕ್ಟರು ಹೇಳಿದರು.

ಆತನ ಪರೀಕ್ಷೆಯಲ್ಲಿ ತಪ್ಪಿದುದೆಲ್ಲಿ? ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಕಟ್ಟಡವೂ ನೆಲದ ಹೊಳಪೂ ಈ ನಾಲ್ಕರಲ್ಲಿ ಬರುವುದಿಲ್ಲ. ಪರಿಚಾರಕನಿಗೆ ಮತ್ತೆ ನಾಲ್ಕು ಗುಣಗಳು ಹೇಳಲ್ಪಟ್ಟಿವೆ: ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ. ಶತಮಾನಗಳಷ್ಟು ಹಳೆಯದಾದ ಈ ಅಳತೆಗೋಲು ಇಂದಿಗೂ ಸವೆದಿಲ್ಲ.

ಉಪಚಾರವನ್ನು ಬಲ್ಲವರೇ ಎಂಬುದು ಹಿಮ್ಮಡಿಯಲ್ಲಿ, ಬೆನ್ನಿನ ಕೆಳಗೆ, ಸೊಂಟದ ಪಕ್ಕದಲ್ಲಿ ತಿಳಿಯುತ್ತದೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುವುದು; ಆದುದರಿಂದಲೇ ತಾನಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ರೂಢಿ. ತಕ್ಕಡಿಯೂ ಸುಳ್ಳು ಹೇಳುವುದಿಲ್ಲ: 50 ಕಿಲೋ ತೂಗುವವರು ತಿಂಗಳೊಳಗೆ 2.5 ಕಿಲೋ ಇಳಿದರೆ ಕಾರಣವನ್ನು ಹುಡುಕಲೇಬೇಕು. ದಾಕ್ಷ್ಯವು ಎತ್ತಿ ಕೂರಿಸುವ ಕೈಗಳಲ್ಲಿಯೂ, ರಾತ್ರಿಯ ಹೊತ್ತು ಅಂತಹ ಕೈಗಳೆಷ್ಟು ಎಂಬ ಲೆಕ್ಕದಲ್ಲಿಯೂ ಇದೆ. ಶೌಚವೆಂದರೆ ಫಿನಾಯಿಲಿನ ವಾಸನೆಯಲ್ಲ. ಉಗುರು, ಬಾಯಿ, ಕಟ್ಟಿಸಿದ ಹಲ್ಲು, ಒದ್ದೆಯಾದ ಬಟ್ಟೆಯನ್ನು ಎಷ್ಟು ಹೊತ್ತಿಗೆ ಬದಲಿಸಿದರೆಂಬುದು. ಈ ಮೂರನ್ನು ಕಣ್ಣುಳ್ಳವನು ಕಾಣಬಲ್ಲನು. ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ನೋಡಿದರೆ ಇನ್ನೂ ಚೆನ್ನಾಗಿ ಕಾಣಬಲ್ಲನು. ಶುಶ್ರೂಷೆಯ ವಿಷಯವಾಗಿ 1859ರಲ್ಲಿ ಪುಸ್ತಕವನ್ನು ಬರೆದ ಫ್ಲಾರೆನ್ಸ್ ನೈಟಿಂಗೇಲ್ ಮಹಾಶಯೆಯು ಒತ್ತಿ ಹೇಳಿದುದೂ ಇದನ್ನೇ: ಮುಖ್ಯಸ್ಥಳು ಎದುರಿಗಿರುವಾಗ ಆಗುವ ಕೆಲಸವು ಆಕೆ ಇಲ್ಲದಾಗಲೂ ಆಗುವಂತೆ ಏರ್ಪಡಿಸುವುದೇ ನಿಜವಾದ ಆಡಳಿತ.

ಸರಕಾರವೂ ಸುಮ್ಮನಿಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕೇಂದ್ರದ ಅಧಿನಿಯಮವು, ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೆ ಒಂದಾದರೂ, 150 ಜನರಿಗೆ ಕಡಿಮೆಯಿಲ್ಲದ ವೃದ್ಧಾಶ್ರಮವನ್ನು ರಾಜ್ಯಗಳು ಸ್ಥಾಪಿಸಬಹುದೆಂದು ಹೇಳಿ, ಅಲ್ಲಿಯ ಸೇವೆಯ ಮಟ್ಟವನ್ನು ಗೊತ್ತುಪಡಿಸುವ ಅಧಿಕಾರವನ್ನೂ ಅವಕ್ಕೆ ಕೊಟ್ಟಿದೆ. ಪೋಷಣೆಯನ್ನು ನಿರಾಕರಿಸಿದ ಮಕ್ಕಳ ಮೇಲೆ ಹೆತ್ತವರು ದೂರು ಕೊಡಬಹುದು. ಇವೆಲ್ಲ ಬೇಕಾದುವೇ. ಆದರೆ ಹಾಸಿಗೆಯೆಷ್ಟು, ದೀಪವೆಷ್ಟು, ಅನ್ನವೆಷ್ಟು ಎಂಬುದನ್ನು ಕಾನೂನು ಎಣಿಸಬಹುದೇ ಹೊರತು, ಚರಕನು ಹೇಳಿದ ಅನುರಾಗವನ್ನು ಯಾವ ಅಧಿಕಾರಿಯೂ ದಫ್ತರದಲ್ಲಿ ಬರೆದುಕೊಳ್ಳಲಾರನು.

ಮಗನು ಎರಡನೆಯ ಮನೆಯನ್ನು ಜಿಲ್ಲೆಯೊಳಗೆಯೇ, ಕಾಫಿಯ ಗುಡ್ಡಗಳ ನಡುವೆ ಕಂಡುಕೊಂಡನು. ಹಳೆಯ ಹೆಂಚಿನ ಬಂಗಲೆ, ಹದಿನಾಲ್ಕು ಹಾಸಿಗೆಗಳು, ಮಳೆಗಾಲದಲ್ಲಿ ಗೋಡೆಯ ಬುಡಕ್ಕೆ ಪಾಚಿ ಏರಿದ ಗುರುತು. ಮೊದಲ ನೋಟಕ್ಕೆ ಆತನ ಮನಸ್ಸು ಕುಗ್ಗಿತು. ಹೇಳದೆ ಕೇಳದೆ ಸಂಜೆ ಹೋದವನನ್ನು ಅಲ್ಲಿಯ ಹಿರಿಯ ದಾದಿಯು ಒಳಗೆ ಕೂರಿಸಿ, ಠೇವಣಿಯ ಮಾತಿಗಿಂತ ಮೊದಲು ಒಂದು ನೋಟುಪುಸ್ತಕವನ್ನು ತೆರೆದಳು. “ಅಮ್ಮ ಯಾವ ಮಗ್ಗುಲಿಗೆ ಮಲಗ್ತಾರೆ? ಯಾವ ಕಿವಿ ಕೇಳ್ತದೆ? ಕಾಫಿಗೆ ಸಕ್ಕರೆಯೋ ಬೆಲ್ಲವೋ? ಸಿಟ್ಟು ಬಂದರೆ ಏನು ಮಾಡ್ತಾರೆ? ಯಾವುದಕ್ಕೆ ಹೆದರ್ತಾರೆ?” ಎಂದು ಒಂದು ಗಂಟೆಯವರೆಗೆ ಕೇಳಿದಳು. ಮಗನಿಗೆ ಅರ್ಧ ಪ್ರಶ್ನೆಗಳಿಗೆ ಉತ್ತರ ಗೊತ್ತಿರಲಿಲ್ಲ. ಅರುವತ್ತು ವರ್ಷ ಆಕೆಯ ಮಗನಾಗಿದ್ದವನು, ಆಕೆ ಯಾವ ಮಗ್ಗುಲಿಗೆ ಮಲಗುವಳೆಂಬುದನ್ನು ಹೇಳಲಾರದೆ ತಲೆ ತಗ್ಗಿಸಿದನು. ಮೊದಲನೆಯ ಮನೆಯವರು ಆತನನ್ನು ಈ ಪ್ರಶ್ನೆಗಳಿಂದ ನಾಚಿಸಿರಲಿಲ್ಲವೆಂಬುದು ಆಗ ಹೊಳೆಯಿತು; ಅವರು ಕೇಳಿರಲೇ ಇಲ್ಲ.

ತಾಯಿಯನ್ನು ಅಲ್ಲಿಗೆ ತಂದರು. ಕ್ರಮವಾಗಿ ಡಾಕ್ಟರ ಸಲಹೆಯಂತೆ ನಿದ್ದೆಯ ಮಾತ್ರೆಯನ್ನು ಇಳಿಸಿದ ಮೇಲೆ ಆಕೆಗೆ ಮಾತು ಬಂತು; ಬಂದ ಮೊದಲ ಮಾತು ಅದೇ ಹಂಡೆಯದು. ಅಲ್ಲಿಯ ಆಯಾಗಳಲ್ಲಿ ಒಬ್ಬಳು ಕಳಸದ ಕಡೆಯವಳು. ಆಕೆ ನಗಲಿಲ್ಲ. ಮಲೆನಾಡಿನ ಮನೆಯಲ್ಲಿ ಹಂಡೆಯ ಕೆಳಗಿನ ಉರಿ ಎಂದರೇನೆಂಬುದನ್ನು ಬಲ್ಲವಳಾದುದರಿಂದ, ಅಜ್ಜಿ ಈ ಮಾತನ್ನು ಯಾವ ಹೊತ್ತಿಗೆ ಕೇಳುತ್ತಾಳೆಂದು ಎರಡು ದಿನ ಗಮನಿಸಿದಳು. ಬೆಳಗಿನ ಸ್ನಾನಕ್ಕೆ ಎಬ್ಬಿಸುವಾಗ ಒಮ್ಮೆ. ಕತ್ತಲಾದ ಮೇಲೆ, ಪಾದ ತಣ್ಣಗಾದಾಗ ಒಮ್ಮೆ. ಆಕೆ ಹೇಳುತ್ತಿದ್ದುದು ಇಷ್ಟೇ: ನನಗೆ ಚಳಿಯಾಗುತ್ತದೆ. ಮೊದಲನೆಯ ಮನೆಯಲ್ಲಿ ಐದು ಗಂಟೆಗೆ, ಉಗುರು ಬೆಚ್ಚಗೂ ಇಲ್ಲದ ನೀರಿನಲ್ಲಿ ಸಾಲಾಗಿ ಮೀಯಿಸುತ್ತಿದ್ದರೆಂಬುದು ವಿಚಾರಿಸಿದ ಮೇಲೆ ತಿಳಿಯಿತು. ಆಯಾಳು ಸ್ನಾನವನ್ನು ಹತ್ತು ಗಂಟೆಗೆ ಮುಂದೂಡಿದಳು. ಸಂಜೆ ಪಾದಗಳನ್ನು ಹದವಾದ ಬಿಸಿನೀರಿನಲ್ಲಿ ತೊಳೆದು ಒರಸಿ, “ಅಜ್ಜೀ, ಹಂಡೆಗೆ ಬೆಂಕಿ ಹಾಕಿ ಆಯ್ತು, ನೀರು ಕಾದಿದೆ” ಎನ್ನುವಳು. ಅಜ್ಜಿ ನಿದ್ದೆಹೋಗುವಳು.

ರೋಗಿಗೂ ಚರಕನು ನಾಲ್ಕು ಗುಣಗಳನ್ನು ಹೇಳಿದ್ದಾನೆ. ತನ್ನ ಬಾಧೆಯನ್ನು ತಿಳಿಸಬಲ್ಲ ಜ್ಞಾಪಕತ್ವವು ಅವುಗಳಲ್ಲೊಂದು, ಹೆದರದಿರುವಿಕೆಯು ಇನ್ನೊಂದು. ವಾರ್ಧಕ್ಯವು ಮೊದಲನೆಯದನ್ನು ಕಸಿದುಕೊಳ್ಳುತ್ತದೆ. ಪರರ ಮನೆಯ ಹಾಸಿಗೆಯು ಎರಡನೆಯದನ್ನು. ಆಗ ಆ ಕುಂದನ್ನು ತುಂಬತಕ್ಕುದು ಪರಿಚಾರಕನ ಕಿವಿ. ಸೇವೆಗೆ ಹಿರಿಯರು ಇಟ್ಟ ಹೆಸರೇ ಇದನ್ನು ಹೇಳುತ್ತದೆ. ಶುಶ್ರೂಷಾ ಎಂಬ ಶಬ್ದವು ಕೇಳುವುದೆಂಬ ಅರ್ಥದ ಶ್ರು ಧಾತುವಿನಿಂದ, ಇಚ್ಛಾರ್ಥದಲ್ಲಿ ಹುಟ್ಟಿದುದು. ಕೇಳಬೇಕೆಂಬ ಬಯಕೆಯೇ ಅದರ ಮೂಲಾರ್ಥ. ಶಿಷ್ಯನು ಗುರುವಿನ ಮಾತಿಗೆ ಕಿವಿಗೊಟ್ಟು ಬಳಿಯಲ್ಲಿರುವುದರಿಂದ ಅದು ಸೇವೆಯಾಯಿತು; ಸೇವೆಯಿಂದ ರೋಗಿಯ ಆರೈಕೆಯಾಯಿತು. ಕೇಳುವ ಬಯಕೆಯಿಲ್ಲದ ಕಡೆ ಮಾತ್ರೆ, ಗಂಜಿ, ಹಾಸಿಗೆಗಳಿರಬಹುದು, ಶುಶ್ರೂಷೆಯಿರದು.

ಎರಡನೆಯ ಮನೆಯಲ್ಲಿ ಕುಂದಿಲ್ಲವೆಂದಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗದೆ ಹೊಗೆಯ ವಾಸನೆ ಹಿಡಿಯುತ್ತದೆ. ವಿದ್ಯುತ್ತು ಹೋದರೆ ಲಾಟೀನಿನ ಬೆಳಕೇ ಗತಿ. ಒಂದು ದಿನ ಆಕೆ ಕುರ್ಚಿಯಿಂದ ಜಾರಿದಳು. ಆದರೆ ಅದೇ ಗಂಟೆಯಲ್ಲಿ ಹಿರಿಯ ದಾದಿಯೇ ದೂರವಾಣಿಯಲ್ಲಿ ಮಗನನ್ನು ಕರೆದು, “ತಪ್ಪು ನಮ್ಮದು, ಕುರ್ಚಿಯ ಪಟ್ಟಿ ಸಡಿಲವಾಗಿತ್ತು” ಎಂದಳು. ಏನೂ ತೊಂದರೆಯಿಲ್ಲವೆಂದು ಸದಾ ಹೇಳುವ ಮನೆಗಿಂತ, ತೊಂದರೆಯನ್ನು ತಾನಾಗಿ ಹೇಳುವ ಮನೆಯನ್ನು ನಂಬಬಹುದೆಂಬುದು ಆತನು ಕಲಿತ ಇನ್ನೊಂದು ಪಾಠ.

ಆದರೂ ದೋಷವನ್ನೆಲ್ಲ ಮೊದಲನೆಯ ಮನೆಯ ಮೇಲೆ ಹೊರಿಸಲು ಆತನ ಮನಸ್ಸು ಒಪ್ಪಲಿಲ್ಲ. ಹಂಡೆಯ ಮಾತನ್ನು ತಿಂಗಳುಗಟ್ಟಲೆ ಕೇಳಿಸಿಕೊಂಡವನು ತಾನು. ಆ ಬಚ್ಚಲುಮನೆಯಲ್ಲಿ, ಆ ಉರಿಯ ಮುಂದೆ, ಮಳೆಯಲ್ಲಿ ತೊಯ್ದು ಶಾಲೆಯಿಂದ ಬಂದ ಸಂಜೆಗಳಲ್ಲಿ ಅಮ್ಮನ ಕೈಯಿಂದ ತಲೆ ಒರಸಿಸಿಕೊಂಡವನೂ ತಾನೇ. ಆಯಾಳಿಗೆ ಎರಡು ದಿನದಲ್ಲಿ ತಿಳಿದುದು ತನಗೆ ತಿಳಿಯದೆ ಹೋಯಿತು, ಏಕೆಂದರೆ ತಾನು ಪ್ರಶ್ನೆಯನ್ನು ವ್ಯವಸ್ಥಾಪಕರನ್ನು ಕೇಳಿದನೇ ಹೊರತು ತಾಯಿಯನ್ನು ಕೇಳಲಿಲ್ಲ. ಆರೈಕೆಯ ಮನೆಯನ್ನು ಪರೀಕ್ಷಿಸಹೊರಟವನು ಅಲ್ಲಿ ತಾನೂ ಪರೀಕ್ಷೆಗೆ ಕುಳಿತಿರುತ್ತಾನೆ.

ಆಕೆ ಈಗಲೂ ಅಲ್ಲಿಯೇ ಇದ್ದಾಳೆ. ಗುಣವಾಗಿಲ್ಲ, ಆಗುವುದೂ ಇಲ್ಲ. ಹಿಮ್ಮಡಿ ಮಾತ್ರ ಮಾಗಿದೆ. ಮಗನು ಬರುವ ದಿನಕ್ಕೂ ವೇಳೆಗೂ ಈಗ ನಿಯಮವಿಲ್ಲ. ಬಂದವನು ಮೊದಲು ಕಾಲುಚೀಲವನ್ನು ಕಳಚಿ ನೋಡಿ, ಬಳಿಕ ಕುರ್ಚಿಯನ್ನು ಬಲಗಡೆಗೆ ಎಳೆದುಕೊಂಡು ಕುಳಿತುಕೊಳ್ಳುತ್ತಾನೆ. ಆಕೆಗೆ ಕೇಳಿಸುವುದು ಬಲಗಿವಿ. ಆ ಬಳಿಕ ಅರ್ಧ ಗಂಟೆಯ ಹೊತ್ತು ಆತನು ಏನನ್ನೂ ಹೇಳುವುದಿಲ್ಲ.