ಈಜು ಬಾರದವರೊಡನೆ ನೇತ್ರಾಣಿಗೆ

ಭಟ್ಕಳ ತಾಲ್ಲೂಕಿನ ಮುರುಡೇಶ್ವರಕ್ಕೆ ಹೋದವರೆಲ್ಲ 123 ಅಡಿಯ ಶಿವನನ್ನೂ 20 ಅಂತಸ್ತಿನ ರಾಜಗೋಪುರವನ್ನೂ ಕತ್ತೆತ್ತಿ ನೋಡಿ ಬರುತ್ತಾರೆ. ತಲೆ ತಗ್ಗಿಸಿ ನೋಡಬೇಕಾದದ್ದೊಂದು ಅಲ್ಲಿಂದ ಸುಮಾರು 19 ಕಿಲೋಮೀಟರ್ ಆಚೆ ಅರಬ್ಬಿ ಸಮುದ್ರದಲ್ಲಿದೆ. ಅದೇ ನೇತ್ರಾಣಿ. ಪಾರಿವಾಳ ದ್ವೀಪವೆಂಬ ಹೆಸರೂ ಉಂಟು. ಜನವಸತಿ ಇಲ್ಲದ ಈ ಪುಟ್ಟ ದ್ವೀಪದ ಸುತ್ತಲ ನೀರಿನಲ್ಲಿ ಹವಳಗಳೂ ಗಿಳಿಮೀನು, ಚಿಟ್ಟೆಮೀನುಗಳೂ ಇವೆ. ಕಣ್ಣು, ಮೂಗು ಮುಚ್ಚುವ ಗಾಜಿನ ಮುಖವಾಡ ತೊಟ್ಟು, ಬಾಯಲ್ಲಿ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲುತ್ತ ಅವನ್ನು ನೋಡುವುದೇ ಸ್ನಾರ್ಕೆಲಿಂಗ್.

ನಾವು ಹತ್ತು ಮಂದಿ ಶಿಕ್ಷಕರು ಹೊರಟೆವು. ಎಲ್ಲರೂ ಬಯಲುಸೀಮೆಯವರು. ಆರು ಮಂದಿಗೆ ಈಜು ಬಾರದು. ಅವರನ್ನು ಬಿಟ್ಟು ಹೋಗುವುದೇ, ಕರೆದೊಯ್ಯುವುದೇ? ಇದು ಬರೀ ಸಂಕೋಚದ ಪ್ರಶ್ನೆಯಲ್ಲ. 2024ರ ಡಿಸೆಂಬರ್‌ನಲ್ಲಿ ಇದೇ ಮುರುಡೇಶ್ವರದ ತೀರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಗುಂಪು ಕಟ್ಟಿಕೊಂಡು ಕಡಲಿಗೆ ಹೋಗುವ ಯಾವ ಮೇಷ್ಟರೂ ಅದನ್ನು ಮರೆಯುವಂತಿಲ್ಲ.

ಮೊದಲು ತಿಳಿಯಬೇಕಾದದ್ದು ಸ್ಥಳದ ಗುಣ. ನೇತ್ರಾಣಿಯ ದಂಡೆ ಕಡಿದಾದ ಬಂಡೆ, ಮರಳ ತೀರವಿಲ್ಲ. ದೋಣಿಯಿಂದ ಇಳಿದರೆ ಕಾಲಿಗೆ ನೆಲ ಸಿಗದು. ದಣಿದಾಗ ಎದ್ದು ನಿಲ್ಲುವ ಅವಕಾಶವಿಲ್ಲ. ಆದ್ದರಿಂದ ಈಜು ಬಾರದವರು ಮೊದಲ ದಿನವೇ ಅಲ್ಲಿ ಕಲಿಯುತ್ತೇನೆಂದು ಹೋಗಬಾರದು. ಹೊರಡುವ ಮುನ್ನ ಊರಿನ ಹತ್ತಿರದ ಈಜುಕೊಳದಲ್ಲಿ, ಎದೆಮಟ್ಟದ ನೀರಿನಲ್ಲಿ, ತರಬೇತುದಾರರ ಎದುರು ಎರಡು ದಿನ ಅಭ್ಯಾಸ ಮಾಡಿದೆವು. ಕಲಿತದ್ದು ಈಜನ್ನಲ್ಲ, ಬಾಯಲ್ಲಿ ಉಸಿರಾಡುವುದನ್ನು. ಮುಖವಾಡದಲ್ಲಿ ಮೂಗು ಮುಚ್ಚಿರುತ್ತದೆ. ಹುಟ್ಟಿದಂದಿನಿಂದ ಮೂಗನ್ನೇ ನಂಬಿದವರಿಗೆ ಅದೇ ದೊಡ್ಡ ಗಾಬರಿ. ಕೊಳವೆಗೆ ನೀರು ಹೊಕ್ಕರೆ ಜೋರಾಗಿ ಊದಿ ಹೊರಹಾಕುವುದು, ಬೋರಲಿಂದ ಅಂಗಾತ ತಿರುಗುವುದು, ಇಷ್ಟು ಬಂದರೆ ಭಯ ಅರ್ಧ ಇಳಿಯುತ್ತದೆ.

ಉಳಿದರ್ಧಕ್ಕೆ ಜಾಕೆಟ್ ಇದೆ. ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಬೆಂಡು ಕಟ್ಟಿ ಬಾವಿಗೆ ಇಳಿಸುತ್ತಿದ್ದರಲ್ಲ, ತತ್ವ ಅದೇ. ಒಂದು ಲೀಟರ್ ಸಮುದ್ರದ ನೀರು ಸುಮಾರು 1,025 ಗ್ರಾಂ ತೂಗುತ್ತದೆ. ಸಿಹಿನೀರಿಗಿಂತ ಅದು ನಮ್ಮನ್ನು ತುಸು ಹೆಚ್ಚೇ ಎತ್ತುತ್ತದೆ. ಆದರೆ ಜಾಕೆಟ್‌ನ ಪಟ್ಟಿಗಳು ಬಿಗಿಯಾಗಿರಬೇಕು. ಭುಜ ಹಿಡಿದು ಮೇಲೆಳೆದಾಗ ಅದು ಕಿವಿಯವರೆಗೆ ಬಂದರೆ ಅಳತೆ ಸರಿಯಿಲ್ಲವೆಂದೇ ಅರ್ಥ.

ಇನ್ನೊಂದು ಮಾತು. ಅಪಾಯವೆಲ್ಲ ಈಜು ಬಾರದವರಿಂದಲೇ ಎಂದು ತಿಳಿಯಬೇಡಿ. ಬಾರದವನು ಹೇಳಿದ ಮಾತು ಕೇಳುತ್ತಾನೆ; ಬಾವಿಯಲ್ಲಿ ಈಜಿದವನು ಜಾಕೆಟ್ ಏಕೆನ್ನುತ್ತಾನೆ. ಬಾವಿಗೆ ಗೋಡೆಯಿದೆ, ಸೆಳೆತವಿಲ್ಲ. ಕಡಲಿಗೆ ಗೋಡೆಯಿಲ್ಲ, ಸೆಳೆತವಿದೆ. ಹಾಗಾಗಿ ಹತ್ತು ಜನಕ್ಕೂ ಜಾಕೆಟ್ ಎಂದು ಮೊದಲೇ ನಿಯಮ ಮಾಡಿದೆವು. ಈಜು ಬಾರದ ಒಬ್ಬೊಬ್ಬರೇ ಸರದಿಯಂತೆ, ಮಾರ್ಗದರ್ಶಕರ ಕೈ ಹಿಡಿದು, ದೋಣಿಗೆ ಕಟ್ಟಿದ ಹಗ್ಗದ ಅಳವಿನಲ್ಲೇ ಇಳಿಯಬೇಕು. ಹೃದ್ರೋಗ, ಮೂರ್ಛೆ, ಉಬ್ಬಸ ಇರುವವರು ವೈದ್ಯರನ್ನು ಕೇಳದೆ ಇಳಿಯಕೂಡದು.

ಮಳೆಗಾಲ ಇದಕ್ಕೆ ಸಲ್ಲದು. ಅಕ್ಟೋಬರ್‌ನಿಂದ ಮೇ ತಿಂಗಳು ತಕ್ಕ ಕಾಲ. ಅದರಲ್ಲೂ ಬೆಳಗಿನ ದೋಣಿಯೇ ಲೇಸು. ಹೊತ್ತೇರಿದಂತೆ ನೆಲ ಬೇಗ ಕಾದು, ಕಡಲಿನಿಂದ ಗಾಳಿ ಬೀಸತೊಡಗಿ ಅಲೆ ಏಳುತ್ತದೆ. ಹೋಗುವಾಗಲೇ ಒಂದೂವರೆ ಗಂಟೆಯಷ್ಟು ಓಲಾಟ; ಹೊಟ್ಟೆ ತುಂಬ ತಿಂದವರಿಗೆ ವಾಂತಿ ತಪ್ಪದು. ಎರಡು ಇಡ್ಲಿ ಸಾಕು.

ನೀರಿನೊಳಗೆ ಎಲ್ಲವೂ ಇರುವುದಕ್ಕಿಂತ ಕಾಲುಭಾಗ ಹತ್ತಿರವಾಗಿ, ದೊಡ್ಡದಾಗಿ ಕಾಣುತ್ತದೆ. ಬೆಳಕಿನ ವಕ್ರೀಭವನವನ್ನು ಬೀಕರಿನಲ್ಲಿ ಪೆನ್ಸಿಲ್ ಇಟ್ಟು ಮೂವತ್ತು ವರ್ಷ ಕಲಿಸಿದ ನನಗೂ ಹವಳದತ್ತ ಕೈ ಚಾಚಬೇಕೆನಿಸಿತು. ಚಾಚಬಾರದು. ಅದು ಕಲ್ಲಲ್ಲ, ಜೀವಿಗಳ ವಸಾಹತು.

ಆರು ಮಂದಿಯಲ್ಲಿ ಐವರು ಇಳಿದರು. ಗಣಿತದ ಮೇಡಂ ಏಣಿಯ ಎರಡನೇ ಮೆಟ್ಟಿಲವರೆಗೆ ಬಂದು, "ನನಗೆ ಬೇಡ" ಎಂದು ಹಿಂದೆ ಸರಿದರು. ಯಾರೂ ಒತ್ತಾಯಿಸಲಿಲ್ಲ, ನಗಲಿಲ್ಲ. ಇದೂ ನಮ್ಮ ನಿಯಮಗಳಲ್ಲಿ ಒಂದು. ಅವರಿಗೆ ತಲೆ ಎಣಿಸುವ ಕೆಲಸ ಒಪ್ಪಿಸಿದೆವು. ಐದೈದು ನಿಮಿಷಕ್ಕೊಮ್ಮೆ ದೋಣಿಯಿಂದ ಅವರ ಎಣಿಕೆ ಗಟ್ಟಿಯಾಗಿ ಕೇಳುತ್ತಿತ್ತು. ನೀರಿನಲ್ಲಿದ್ದ ನಮಗೆ ಜಾಕೆಟ್‌ನಷ್ಟೇ ಧೈರ್ಯ ಕೊಟ್ಟದ್ದು ಆ ದನಿ. ಮಧ್ಯೆ ಒಮ್ಮೆ ಎಣಿಕೆ ನಿಂತಿತು. ಗಾಬರಿಯಿಂದ ತಲೆ ಎತ್ತಿದರೆ, ಅವರು ಬಂಡೆಯ ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿದ್ದ ಬಿಳಿಹೊಟ್ಟೆಯ ಕಡಲ ಹದ್ದನ್ನು ನೋಡುತ್ತ ನಿಂತಿದ್ದರು. ನೀರಿಗೆ ಮುಖವಿಟ್ಟ ನಮ್ಮಲ್ಲಿ ಒಬ್ಬರೂ ಅದನ್ನು ಕಂಡಿರಲಿಲ್ಲ.